ಪ್ಲಗ್ ಕಿತ್ತ ಅಮ್ಮಮ್ಮ

ಎಂವಿಪಿ ಕಾಲೋನಿ, ವಿಶಾಖಪಟ್ಟಣ
8 ಅಕ್ಟೋಬರ್ 2025, ಬುಧವಾರ

ಪ್ರೀತಿಯ ಅಪ್ಪಾ,

ಇವತ್ತು ಬೆಳಿಗ್ಗೆ ಪೇಪರ್ ಓದಲು ಹಾಲಿಗೆ ಬಂದ ಅಮ್ಮಮ್ಮ ಫ್ಯಾನಿನ ಸ್ವಿಚ್ಚಿನ ತನಕ ಕೈ ಎತ್ತಿ, ಹಾಗೇ ಇಳಿಸಿಬಿಟ್ಟಳು. ಆಮೇಲೆ ಕುರ್ಚಿಯಲ್ಲಿ ಕೂತು ಸೆರಗಿನಿಂದ ಗಾಳಿ ಬೀಸಿಕೊಂಡಳು. ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದೆ. ಅದಕ್ಕೇ ಈ ಕಾಗದ.

ಮೊದಲು ನಿಮ್ಮ ಆರೋಗ್ಯ. ವಿಜಯವಾಡದ ಮೆಸ್ಸಿನ ಖಾರಕ್ಕೆ ಬಂದ ಎದೆಯುರಿ ಕಡಿಮೆಯಾಯಿತೇ? ದಸರೆಯ ಜನವೆಲ್ಲ ಇಂದ್ರಕೀಲಾದ್ರಿಯ ದುರ್ಗಮ್ಮನ ಗುಡಿಯಿಂದ ಇಳಿದು ಹೋಗಿ, ನಿಮ್ಮ ಬ್ಯಾಂಕಿನ ರಸ್ತೆಯಲ್ಲಿ ಈಗಲಾದರೂ ನಡೆಯಲು ಜಾಗ ಸಿಗುತ್ತಿದೆಯೇ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ನೀವು ‘ಹ್ಞೂಂ, ಬೇಗ ಹೇಳು’ ಎಂದ ಕೂಡಲೇ ನಾನು ‘ಏನಿಲ್ಲ’ ಎಂದು ಫೋನ್ ಇಟ್ಟುಬಿಡುತ್ತೇನೆ.

ಭಾನುವಾರ ರೈಲಿಗೆ ಹೊರಡುವ ಗಡಿಬಿಡಿಯಲ್ಲಿ ನೀವು ಕಂಪ್ಯೂಟರಿಗೆ ಹೊಸ ವಿಂಡೋಸ್ ಹಾಕಲು ಶುರುಮಾಡಿ, ‘ಅದರ ಪಾಡಿಗೆ ಅದು ಆಗುತ್ತೆ, ಯಾರೂ ಮುಟ್ಟಬೇಡಿ’ ಎಂದು ಹೋದಿರಿ. ಸಂಜೆ ಕಡಲ ಕಡೆಯಿಂದ ಗುಡುಗು ಶುರುವಾಯಿತು. ಹುಡ್‌ಹುಡ್ ಚಂಡಮಾರುತ ಕಂಡ ಮೇಲೆ, ಗುಡುಗಿದರೆ ಸಾಕು, ಅಮ್ಮಮ್ಮ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತುಕೊಂಡು ಬರುತ್ತಾಳೆ. ಅದರಿಂದ ಒಮ್ಮೆ ನಮ್ಮ ಟೀವಿ ಉಳಿದಾಗ ಅವಳನ್ನು ಹೊಗಳಿದವರೂ ನೀವೇ. ಈ ಸಲ ಕಂಪ್ಯೂಟರಿನದನ್ನೂ ಕಿತ್ತಳು. ಸೋಮವಾರ ಹಾಕಿ ನೋಡಿದರೆ ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದ ಒಂದೇ ಸಾಲು. ಆರಿಸಿ ಹಾಕಿದರೂ ಅದೇ.

ತುಮಕೂರಿನ ಅಜ್ಜಿ ತೀರಿಹೋಗುವ ಮೊದಲು ನೀವು ಹಾಡಿಸಿಟ್ಟುಕೊಂಡ ಹಾಡುಗಳು ಅದರಲ್ಲೇ ಇವೆ, ಬೇರೆಲ್ಲೂ ಇಲ್ಲ. ನಡುನಡುವೆ ಅಜ್ಜಿಯ ಕೆಮ್ಮು, ‘ಸಾಕು ಬಿಡೋ ಗೋಪಾಲ, ಕಾಫಿ ಆರೋಗುತ್ತೆ’ ಎಂಬ ಗದರಿಕೆ. ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಸೋಮವಾರ ಇದನ್ನು ನಿಮಗೆ ತಿಳಿಸಿದಾಗ ಫೋನ್ ಸ್ಪೀಕರಿನಲ್ಲಿತ್ತು ಅಪ್ಪಾ. ‘ಅತ್ತಯ್ಯಗಾರೂ, ತಮಗೆ ತಿಳಿಯದ ವಸ್ತುಗಳನ್ನು ದಯವಿಟ್ಟು ಮುಟ್ಟಬೇಡಿ’ ಎಂದು ತೆಲುಗಿನಲ್ಲಿ, ಒಂದು ‘ಗಾರು’, ಒಂದು ‘ಅಂಡಿ’ ಕೂಡ ಬಿಡದೆ ಹೇಳಿದಿರಿ. ಬೈದಿದ್ದರೆ ಅವಳೂ ತಿರುಗಿ ಬೈಯುತ್ತಿದ್ದಳು. ಅಷ್ಟೊಂದು ಮರ್ಯಾದೆಗೆ ‘ಸರೇ ಬಾಬೂ’ ಎಂದು ಎದ್ದುಹೋದಳು. ಅಂದಿನಿಂದ ಯಾವ ಸ್ವಿಚ್ಚನ್ನೂ ಮುಟ್ಟಿಲ್ಲ. ಸಂಜೆ ದೇವರ ಕೋಣೆಯ ಬಲ್ಬಿಗೂ ನನ್ನನ್ನೇ ಕರೆಯುತ್ತಾಳೆ. ಬರುವ ಭಾನುವಾರ ಬಾಬ್ಜಿ ಮಾವ ಬಂದು ಅವಳನ್ನು ಕೊಂಡಪಲ್ಲಿಯ ತನ್ನ ಮನೆಗೆ ಕರೆದುಕೊಂಡು ಹೋಗುತ್ತಾನಂತೆ. ನಿನ್ನೆ ಸೀರೆಗಳನ್ನು ಚೀಲಕ್ಕೆ ಹಾಕಿದಳು. ಅಮ್ಮ ತಡೆದರೆ, ‘ಅಳಿಯನ ಮನೆಯಲ್ಲಿ ಇನ್ನೂ ಏನು ಕೆಡಿಸಲಿ, ರಾಜ್ಯಂ?’ ಎಂದು ನಕ್ಕಳಂತೆ. ಅಮ್ಮ ನಗಲಿಲ್ಲ. ನಿಮ್ಮ ಫೋನು ಬಂದಾಗ ಅಮ್ಮ ಮಾತಾಡದೆ ನನ್ನ ಕೈಗೆ ಕೊಡುತ್ತಿರುವುದು ಅದಕ್ಕೇ.

ಮುಖ್ಯರಸ್ತೆಯ ಕಂಪ್ಯೂಟರ್ ಅಂಗಡಿಯ ಫಣಿ ಬಂದು ನೋಡಿ, ‘ಫಾರ್ಮ್ಯಾಟ್ ಕೊಟ್ಟೇಯಾಲಿ ಮೇಡಂ’ ಎಂದ. ಎಂದರೆ ಒಳಗಿರುವುದನ್ನೆಲ್ಲ ಅಳಿಸಿ ಹೊಸದಾಗಿ ಹಾಕುವುದು. ಬೇಡ ಎಂದೆ. ‘ಮೀರು ಲಿಟರೇಚರ್ ಕದಂಡೀ’, ನೀವು ಸಾಹಿತ್ಯದವರಲ್ಲವೇ, ಎಂದು ನಕ್ಕು, ಚಹಾ ಕುಡಿದು ಹೋದ. ನಾನು ಆ ಬಿಳಿ ಸಾಲನ್ನು ಬರೆದುಕೊಂಡು ಫೋನಿನಲ್ಲಿ ಹುಡುಕುತ್ತ ಕೂತೆ.

ಅಮ್ಮ ನಿಮಗೆ ರಾತ್ರಿ ಮಜ್ಜಿಗೆ ತಪ್ಪಿಸಬೇಡಿ ಎನ್ನಲು ಹೇಳಿದ್ದಾಳೆ. ಸಿಟ್ಟಿನಲ್ಲೂ ಅದನ್ನು ಮರೆತಿಲ್ಲ. ಅಮ್ಮಮ್ಮನ ಆಶೀರ್ವಾದ ಕೇಳಿ ಬರೆಯೋಣವೆಂದುಕೊಂಡೆ, ಕೇಳಲು ಧೈರ್ಯವಾಗಲಿಲ್ಲ. ನನ್ನ ನಮಸ್ಕಾರಗಳು.

ನಿಮ್ಮ ಮಗಳು
ಅಪೂರ್ವಾ

ವಿ.ಸೂ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಕಂಪ್ಯೂಟರ್ ನಿನ್ನೆ ಮಧ್ಯಾಹ್ನವೇ ಎದ್ದಿತು. ಅದಕ್ಕೆ ಚುಚ್ಚಿದ್ದನ್ನೆಲ್ಲ ಒಂದೊಂದಾಗಿ ತೆಗೆದು ನೋಡಿ ಎಂದು ಫೋನಿನಲ್ಲಿ ಹುಡುಕಿದಾಗ ಸಿಕ್ಕಿತ್ತು. ಹಿಂಭಾಗದಲ್ಲಿ ನಿಮ್ಮ ಪೆನ್‌ಡ್ರೈವ್ ಸಿಕ್ಕಿತು, ದುರ್ಗಮ್ಮನ ಕೀಚೈನ್ ಸಮೇತ. ತೆಗೆದೆ, ಎದ್ದಿತು. ಮತ್ತೆ ಚುಚ್ಚಿದೆ, ಅದೇ ಕಪ್ಪು ಪರದೆ. ತೆಗೆದೆ, ಎದ್ದಿತು. ತನ್ನ ಡಿಸ್ಕ್ ಬಿಟ್ಟು ಅದು ಪೆನ್‌ಡ್ರೈವಿನಲ್ಲಿ ವಿಂಡೋಸ್ ಹುಡುಕುತ್ತ ನಿಂತಿತ್ತು, ಅಷ್ಟೆ. ಅಮ್ಮಮ್ಮ ಕಿತ್ತ ಪ್ಲಗ್ಗಿನಿಂದ ಏನೂ ಆಗಿಲ್ಲ. ಪೆನ್‌ಡ್ರೈವಿನೊಳಗೆ ಅಜ್ಜಿಯ ಹಾಡುಗಳಿಗೆಂದು ನೀವು ಮಾಡಿದ ‘ಅಮ್ಮ’ ಎಂಬ ಫೋಲ್ಡರ್ ಇತ್ತು, ಖಾಲಿ. ತುಂಬಿಸುವಷ್ಟರಲ್ಲಿ ರೈಲಿನ ಹೊತ್ತಾಗಿರಬೇಕು. ಹಾಡುಗಳನ್ನೆಲ್ಲ ಅದಕ್ಕೆ ತುಂಬಿಸಿದ್ದೇನೆ.

ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಾನು ಹೇಳಿದರೆ ಅಮ್ಮಮ್ಮ ‘ಪೋನೀಲೇ’, ಹೋಗಲಿ ಬಿಡು, ಎಂದು ತಲೆ ಸವರಿ, ಚೀಲ ಹಿಡಿದು ಹೊರಟೇ ಹೋಗುತ್ತಾಳೆ. ಅವಳನ್ನು ಈ ಮನೆಯಿಂದ ಎಬ್ಬಿಸಿದ್ದು ನಿಮ್ಮ ಮಾತು. ಈ ವಾರ ಎರಡನೇ ಶನಿವಾರದ ರಜೆಗೆ ಬಂದಾಗ ನೀವೇ ಹೇಳಿ, ಅವಳ ಕೈಯಿಂದಲೇ ಪ್ಲಗ್ ಹಾಕಿಸಿ. ಹೇಳದಿದ್ದರೆ ಭಾನುವಾರ ನಾನೂ ಕೊಂಡಪಲ್ಲಿಗೆ ಹೋಗುತ್ತೇನೆ. ನನ್ನ ಎರಡು ಚೂಡಿದಾರಗಳನ್ನು ಅವಳ ಚೀಲದ ಅಡಿಯಲ್ಲಿ ಇಟ್ಟಿದ್ದೇನೆ.