ಕೊತ್ತಿಯ ಮೇಲಿನ ಕೋಪ

ಅದೇ ಮೂರನೇ ಮಹಡಿಯ ಮನೆ,
ಭಾನುವಾರ, ಮಾರ್ಚ್ ೯

ಪ್ರೀತಿಯ ಅತ್ತೆಯವರಿಗೆ,

ಸೊಸೆಯ ನಮಸ್ಕಾರ. ನಿಮ್ಮ ಮಂಡಿ ಈಗ ಹೇಗಿದೆ? ನಿಮ್ಮ ತಮ್ಮನ ಮನೆಯಲ್ಲಿ ಮೆಟ್ಟಿಲು ಹತ್ತುವ ಕೆಲಸವಿಲ್ಲ, ಅದೊಂದು ಸಮಾಧಾನ. ಎಣ್ಣೆ ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಬಾಟಲಿ ನೋಡಿಯೇ ನೋವು ಓಡಿಹೋಗಲಿ ಎಂದು ಬಿಟ್ಟಿದ್ದೀರೋ? ದೊರೆಸಾನಿ ಹೊಸ ಜಾಗಕ್ಕೆ ಒಗ್ಗಿಕೊಂಡಳೇ, ಅಥವಾ ಅಲ್ಲಿಯೂ ನಿಮ್ಮ ದಿಂಬಿನ ಮೇಲೆ ಮಲಗಿ ನಿಮ್ಮನ್ನು ಮಂಚದ ಅಂಚಿಗೆ ತಳ್ಳುತ್ತಿದ್ದಾಳೇ? ಫೋನಿನಲ್ಲಿ ಕೇಳಿದರೆ ನೀವು "ಎಲ್ಲಾ ಚೆನ್ನಾಗಿದೆ ಕಣಮ್ಮಾ" ಎಂದು ಇಟ್ಟುಬಿಡುತ್ತೀರಿ. ಅದಕ್ಕೇ ಕಾಗದ ಬರೆಯುತ್ತಿದ್ದೇನೆ. ಕಾಗದವನ್ನು ಮಧ್ಯದಲ್ಲಿ ಕಟ್ ಮಾಡಲು ಬರುವುದಿಲ್ಲ.

ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎಂದು ಗಾದೆ. ನಮ್ಮ ಮನೆಯಲ್ಲಿ ಅದು ತಿರುಗುಮುರುಗಾಯಿತು ನೋಡಿ, ಕೊತ್ತಿಯ ಮೇಲಿನ ಕೋಪ ಅತ್ತೆಯನ್ನು ಮನೆ ಬಿಡಿಸಿತು. ಮನೆ ಮಾಲೀಕರು ಮೆಟ್ಟಿಲ ಬಳಿ ಗೋಡೆಗೆ ಚೀಟಿ ಅಂಟಿಸಿದ ದಿನ ನೆನೆದರೆ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. "ಇನ್ನು ಮುಂದೆ ಈ ಕಟ್ಟಡದಲ್ಲಿ ಸಾಕುಪ್ರಾಣಿ ಇರಕೂಡದು." ಅಷ್ಟು ಸಾಲದೆಂದು ಮೇಲೆ ಬಂದು, ಕೊರಳಿನ ಸೀಟಿಯನ್ನು ಒಮ್ಮೆ ಊದಿ, "ತಿಂಗಳ ಕೊನೆಗೆ ಬೆಕ್ಕು ಇರಬಾರದು, ಇಲ್ಲಾಂದ್ರೆ ನೀವೂ ಇರಬಾರದು" ಎಂದರಲ್ಲ! ಡ್ರಿಲ್ ಮೇಷ್ಟ್ರ ಕೆಲಸದಿಂದ ನಿವೃತ್ತರಾದರೂ ಸೀಟಿ ಮಾತ್ರ ನಿವೃತ್ತಿಯಾಗಿಲ್ಲ. ನೀವು ಪೀಪಿ ಮೇಷ್ಟ್ರು ಎಂದು ಹೆಸರಿಟ್ಟದ್ದು ಸುಮ್ಮನೆಯೇ? ನಿಮ್ಮ ಮಗನೋ, ಅಷ್ಟು ದೊಡ್ಡ ಬಸ್ಸನ್ನು ಗಲ್ಲಿಗಲ್ಲಿಯಲ್ಲಿ ತಿರುಗಿಸುವ ಗಂಡಸು, "ಆಯ್ತು ಸಾರ್" ಎಂದು ಕೈ ಮುಗಿದರು. ಮರುದಿನ ನೀವು ಬುಟ್ಟಿಯಲ್ಲಿ ದೊರೆಸಾನಿಯನ್ನು ಕೂರಿಸಿಕೊಂಡು, "ನಮ್ಮಿಬ್ಬರಿಂದ ನಿಮ್ಮ ನೆತ್ತಿ ಮೇಲಿನ ಸೂರು ಹೋಗೋದು ಬೇಡ" ಎಂದು ಹೊರಟೇಬಿಟ್ಟಿರಿ.

ನಿಜ ಹೇಳುತ್ತೇನೆ, ಮೊದಲ ಕೆಲವು ದಿನ ಹಾಯಾಗಿತ್ತು. ಸೋಫಾದ ಮೇಲೆ ಕೂದಲಿಲ್ಲ, ಕಪ್ಪು ಸೀರೆ ಕಪ್ಪಾಗಿಯೇ ಇತ್ತು. ಊರವರ ಸೋಫಾಗಳಿಗೆಲ್ಲ ಹೊಸ ಬಟ್ಟೆ ಹಾಕುವ ನನ್ನ ಮನೆಯ ಸೋಫಾ ಮಾತ್ರ ಚಿಂದಿ ಎಂದು ಅಂಗಡಿಯವರು ಆಡಿಕೊಳ್ಳುತ್ತಿದ್ದರಲ್ಲ, ಅದಕ್ಕೂ ಹೊಸ ಬಟ್ಟೆ ಹಾಕಿದೆ. ಆಮೇಲೆ ಅದರ ಮೇಲೆ ಕೂರುವವರೇ ಇಲ್ಲ. ನಿಮ್ಮ ಮಗ ಊಟ ಮಾಡಿ ನೇರ ಹೋಗಿ ಮಲಗುತ್ತಾರೆ. ನಾನು ಟೀವಿ ಹಚ್ಚಿ ಅಡುಗೆಮನೆಯಲ್ಲಿ ನಿಲ್ಲುತ್ತೇನೆ. ಮನೆ ಅಂಗಡಿಯ ಶೋರೂಮಿನಂತೆ ಅಚ್ಚುಕಟ್ಟಾಗಿತ್ತು, ಶೋರೂಮಿನಂತೆಯೇ ಬಣಬಣ ಎನ್ನುತ್ತಿತ್ತು.

ಹೀಗಿರುವಾಗ ಒಬ್ಬ ವಕೀಲೆ ನಮ್ಮ ಅಂಗಡಿಗೆ ತಮ್ಮ ಆರಾಮಕುರ್ಚಿ ತಂದರು. ಕುರ್ಚಿಯ ಎರಡೂ ಕೈಗಳ ಬಟ್ಟೆ ಎಳೆ ಎಳೆಯಾಗಿ ಕಿತ್ತುಬಂದಿತ್ತು. ನಾನು ನೋಡಿದೊಡನೆ "ಎಷ್ಟು ಬೆಕ್ಕು ಮೇಡಂ?" ಎಂದೆ. "ಮೂರು" ಎಂದು ನಕ್ಕರು. ಅವರು ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಬಾಡಿಗೆದಾರರಿಗೆ ಪುಕ್ಕಟೆಯಾಗಿ ಸಲಹೆ ಕೊಡುತ್ತಾರಂತೆ. ಹಳೆಯ ಮೊಳೆ ಕೀಳುತ್ತಲೇ ನಮ್ಮ ಕಥೆಯನ್ನೆಲ್ಲ ಹೇಳಿದೆ. "ಮನೆಗೆ ಬಂದಾಗ ಬೆಕ್ಕು ಇತ್ತಾ?" ಎಂದರು. ಇತ್ತು, ಮಾಲೀಕರೇ ಅದರ ತಲೆ ಸವರಿದ್ದರು ಎಂದೆ. "ಕರಾರಿನಲ್ಲಿ ಬೆಕ್ಕು ಬೇಡ ಅಂತ ಇದೆಯಾ?" ಇಲ್ಲ ಎಂದೆ. "ಹಾಗಾದ್ರೆ ಮಧ್ಯದಲ್ಲಿ ಬಂದ ಚೀಟಿ ಗೋಡೆಗೆ ಅಂಟುತ್ತಮ್ಮಾ, ನಿಮಗೆ ಅಂಟಲ್ಲ" ಎಂದುಬಿಟ್ಟರು! ನನಗೆ ಅವರ ಕೈ ಹಿಡಿದು ಕುಣಿಯಬೇಕೆನಿಸಿತು. ಆದರೆ ಅವರು ಅಲ್ಲಿಗೇ ಬಿಡಲಿಲ್ಲ. "ಬೆಕ್ಕು ಸಾಕೋದು ಹಕ್ಕು, ಬಾಗಿಲು ಕೆರೆಯೋದು ಹಕ್ಕಲ್ಲ. ಹಾಳಾಗಿದ್ದನ್ನ ನೀವೇ ಸರಿಮಾಡಿ, ಆಮೇಲೆ ಮಾತಾಡೋಕೆ ಹೋಗಿ. ಒಬ್ಬರೇ ಹೋಗಬೇಡಿ" ಎಂದರು.

ಬಾಗಿಲಿನ ಕೆಳಭಾಗ ನಿಮಗೆ ಗೊತ್ತಲ್ಲ, ದೊರೆಸಾನಿ ಅಲ್ಲಿ ಪುರಾಣವನ್ನೇ ಬರೆದಿದ್ದಳು. ಅದನ್ನು ಉಜ್ಜಿ, ಗೀರುಗಳಿಗೆ ಪುಟ್ಟಿ ತುಂಬಿ, ಎರಡು ಸಲ ಬಣ್ಣ ಹೊಡೆದೆ. ಮುರಿದ ಮಂಚದ ಕಾಲೊಂದಕ್ಕೆ ಸೆಣಬಿನ ಹಗ್ಗ ಬಿಗಿದು ಪಕ್ಕದಲ್ಲೇ ಅವಳಿಗೆ ಉಗುರು ಕೆರೆಯಲೊಂದು ಕಂಬ ನಿಲ್ಲಿಸಿದೆ. ಎರಡನೇ ಮಹಡಿಯ ನರ್ಸಮ್ಮನನ್ನು ಜೊತೆಗೆ ಬರುತ್ತೀರಾ ಎಂದು ಕೇಳಲು ಹೋದರೆ, ಆಕೆ ಮೆಲ್ಲಗೆ ಬಚ್ಚಲಿಗೆ ಕರೆದುಕೊಂಡು ಹೋಗಿ ಟಬ್ಬಿನಲ್ಲಿದ್ದ ಆಮೆ ತೋರಿಸಿದರು! ಮೊದಲ ಮಹಡಿಯ ಡ್ರಮ್ ಬಾರಿಸುವವರಂತೂ ಚೀಟಿ ಬಿದ್ದಂದಿನಿಂದ ತಮ್ಮ ಪುಟ್ಟ ನಾಯಿಯನ್ನು ಡ್ರಮ್ಮಿನ ಪೆಟ್ಟಿಗೆಯಲ್ಲಿ ಕೂರಿಸಿ ಗಾಳಿ ಸೇವನೆಗೆ ಒಯ್ಯುತ್ತಿದ್ದಾರೆ. ಒಂದು ದಿನ ಪೆಟ್ಟಿಗೆ ಸೀನಿತಂತೆ. ಮೇಷ್ಟ್ರು ತಿರುಗಿ ನೋಡಿದರು, ಇವರು ತಾವೇ ಇನ್ನೂ ನಾಲ್ಕು ಸಲ ಸೀನಿ ಪಾರಾದರು. ಎಲ್ಲರಿಗೂ ಪ್ರಾಣಸಂಕಟ, ಆದರೆ ಬೆಕ್ಕಿಗೆ ಗಂಟೆ ಕಟ್ಟುವವರಿರಲಿಲ್ಲ, ಅಷ್ಟೆ.

ಕಳೆದ ಭಾನುವಾರ ನಾವೆಲ್ಲ ಸೇರಿ ಅವರ ಬಾಗಿಲು ತಟ್ಟಿದೆವು. ನಿಮ್ಮ ಮಗನೂ ಬಂದರು, ಎಲ್ಲರ ಹಿಂದೆ ನಿಂತರು. ನಾನು ವಕೀಲೆ ಹೇಳಿದ್ದನ್ನೆಲ್ಲ ಹೇಳಿದೆ. ಮೇಷ್ಟ್ರು ಕೆಂಪಗಾದರು. "ನನ್ನ ಮನೆ, ನನ್ನ ರೂಲ್ಸು. ಬೆಕ್ಕು ಹೋಯ್ತಲ್ಲ, ಮುಗೀತಲ್ಲ, ಇನ್ನೇನು?" ಎಂದು ಸೀಟಿ ಬಾಯಿಗಿಟ್ಟರು. ಆಗ ಹಿಂದಿನಿಂದ ನಿಮ್ಮ ಮಗನ ದನಿ ಬಂತು. "ಬೆಕ್ಕು ಹೋಗ್ಲಿ ಅಂದ್ರಿ ಸಾರ್. ಹೋಗಿದ್ದು ನಮ್ಮಮ್ಮ."

ಅಷ್ಟೇ ಅತ್ತೆ. ಮೇಷ್ಟ್ರು ಸೀಟಿಯನ್ನು ಊದದೆಯೇ ಕೆಳಗಿಳಿಸಿದರು. ನೀವು ನೆಂಟರ ಮನೆಗೆ ನಾಲ್ಕು ದಿನ ಇರಲು ಹೋಗಿದ್ದೀರಿ ಎಂದುಕೊಂಡಿದ್ದರಂತೆ. ಕುರ್ಚಿಯಲ್ಲಿ ಕುಸಿದು ಕೂತರು. ಆಮೇಲೆ ತಾವಾಗಿಯೇ ಹೇಳಿದರು. ನಮಗಿಂತ ಮೊದಲು ಈ ಮನೆಯಲ್ಲಿದ್ದವರು ಖಾಲಿ ಮಾಡುವಾಗ ತಮ್ಮ ನಾಯಿಯನ್ನು ಅಡುಗೆಮನೆಯಲ್ಲಿ ಕಟ್ಟಿಹಾಕಿ ಹೋಗಿಬಿಟ್ಟಿದ್ದರಂತೆ. ಇವರು ಬೀಗ ಒಡೆದು ಅದನ್ನು ಕೆಳಗೆ ತಂದು ಸಾಕಿದರು. "ಉಣ್ತಾ ಇತ್ತು, ಆದ್ರೆ ಬಾಲ ಅಲ್ಲಾಡಿಸ್ತಾ ಇರಲಿಲ್ಲ. ಗೇಟಿನ ಹತ್ರಾನೇ ಕೂತಿರ್ತಿತ್ತು, ಸಾಯೋತನಕ" ಎಂದರು. ಈಚೆಗೆ ಕೆಳಗಿನ ಮನೆ ಖಾಲಿ ಮಾಡಿದವರು ಹಕ್ಕಿಗಳನ್ನು ಪಂಜರದ ಸಮೇತ ಮೆಟ್ಟಿಲ ಕೆಳಗೆ ಇಟ್ಟು ಹೋದದ್ದು ನೋಡಿ, ಅಂದೇ ಚೀಟಿ ಬರೆದರಂತೆ. "ಇನ್ನೊಂದು ಸಲ ಅದನ್ನ ನೋಡೋ ಶಕ್ತಿ ನನಗಿಲ್ಲಮ್ಮಾ" ಎಂದು ಕನ್ನಡಕ ತೆಗೆದು ಒರೆಸಿಕೊಂಡರು. ಜಗಳಕ್ಕೆಂದು ಸೊಂಟ ಕಟ್ಟಿಕೊಂಡು ಹೋದ ನಾನು ಅವರ ಅಡುಗೆಮನೆಯಲ್ಲಿ ಎಲ್ಲರಿಗೂ ಚಹಾ ಮಾಡಿದೆ.

ದಾರಿ ತೋರಿಸಿದ್ದು ಡ್ರಮ್ಮಿನವರು. ಕಟ್ಟಡದ ಒಂದೊಂದು ಪ್ರಾಣಿಗೂ ಇಬ್ಬರು ಹೊಣೆ: ಒಬ್ಬರು ಸಾಕುವವರು, ಇನ್ನೊಬ್ಬರು ಅದೇ ಕಟ್ಟಡದ ಬೇರೆ ಮನೆಯವರು. ಸಾಕುವವರಿಗೆ ಆಗದಿದ್ದರೆ ಎರಡನೆಯವರು ನೋಡಿಕೊಳ್ಳಬೇಕು, ಯಾವುದನ್ನೂ ಬೀದಿಗೆ ಬಿಡುವಂತಿಲ್ಲ. ಹಾಳು ಮಾಡಿದ್ದನ್ನು ಸಾಕುವವರೇ ಸರಿಮಾಡಬೇಕು. ಹೊಸ ನಿಯಮವೇನಾದರೂ ಬೇಕೆಂದರೆ ಎಲ್ಲರೂ ಕೂತು ಒಪ್ಪಬೇಕು, ಗೋಡೆಯ ಮೇಲೆ ಏಕಾಏಕಿ ಏನೂ ಹುಟ್ಟಬಾರದು. ನಾಯಿಗೆ ನರ್ಸಮ್ಮ ಎರಡನೆಯವರಾದರು, ಆಮೆಗೆ ನಾನು. ದೊರೆಸಾನಿಗೆ ಯಾರು ಎಂದು ಕೇಳಿ ಮುಗಿಸುವ ಮೊದಲೇ ಮೇಷ್ಟ್ರು ಶಾಲೆಯ ಹುಡುಗನಂತೆ ಕೈ ಎತ್ತಿದರು. "ನನ್ನ ಕಂಡ್ರೆ ಅದಕ್ಕೆ ಆಗಲ್ಲ, ಗೊತ್ತು. ಪರವಾಗಿಲ್ಲ, ನಾನು ಹೊಂದ್ಕೋತೀನಿ" ಎಂದರು. ಸಂಜೆ ಮೇಲೆ ಬಂದು ಬಾಗಿಲು ಸವರಿ ನೋಡಿ, "ಮೊದಲಿಗಿಂತ ಚೆನ್ನಾಗಿದೆಯಲ್ಲ" ಎಂದು ತಮ್ಮ ಮನೆಯ ಬಾಗಿಲನ್ನೂ ನನ್ನ ತಲೆಗೆ ಕಟ್ಟಿ ಹೋದರು! ಚೀಟಿ ಹರಿದದ್ದು ಅವರೇ. ಅಂಟು ಗಟ್ಟಿಯಿತ್ತು, ಸ್ವಲ್ಪ ಸುಣ್ಣವೂ ಕಿತ್ತುಬಂತು.

ನಿಮ್ಮ ತಮ್ಮನವರಿಗೂ ಅವರ ಮನೆಯವರಿಗೂ ನಮ್ಮ ನಮಸ್ಕಾರ ತಿಳಿಸಿ. ಮಂಡಿಯನ್ನು ಜೋಪಾನ ಮಾಡಿಕೊಳ್ಳಿ. ದೊರೆಸಾನಿಗೆ ಕಿವಿಯ ಹಿಂದೆ ಒಂದು ಸಲ ನನ್ನ ಪರವಾಗಿ ಕೆರೆಯಿರಿ. ನಿಮ್ಮ ಆಶೀರ್ವಾದ ನಮ್ಮಿಬ್ಬರ ಮೇಲೂ ಇರಲಿ.

ಇಂತಿ ನಿಮ್ಮ ಪ್ರೀತಿಯ,
ಸೊಸೆ

ಮರೆತಿದ್ದೆ: ಶನಿವಾರದ ಮೊದಲ ಬಸ್ಸಿಗೆ ನಾನೇ ಬರುತ್ತಿದ್ದೇನೆ, ನಿಮ್ಮಿಬ್ಬರನ್ನೂ ಕರೆದುಕೊಂಡೇ ಹಿಂತಿರುಗುವುದು. "ಇನ್ನೊಂದು ತಿಂಗಳು ಇರ್ತೀನಿ" ಎಂಬ ಮಾತೆಲ್ಲ ಬೇಡ. ನೀವು ಹೋದ ಮೇಲೆ ನಿಮ್ಮ ಮಗನ ಜೊತೆ ಮೂರು ಸಲ ಜಗಳವಾಯಿತು, ಮೂರು ಸಲವೂ ನಾನೇ ಸೋತೆ. ಈ ಮನೆಯಲ್ಲಿ ನನ್ನ ಪರವಾಗಿ ಮಾತಾಡುವವರು ನಿಮ್ಮನ್ನು ಬಿಟ್ಟರೆ ಬೇರೆ ಯಾರೂ ಇಲ್ಲ ಅತ್ತೆ.