ಸ್ನಾನ ಆಗುವವರೆಗೆ

ಮಾರ್ಚ್ ೧೪, ಗುರುವಾರ, ರಾತ್ರಿ

ಕೈ ತೊಳೆದೂ ತೊಳೆದೂ ಬೆರಳ ಸಂದಿಯ ಚರ್ಮ ಬಿರಿದಿದೆ. ಆದರೂ ಮೂಸಿದರೆ ಮೊಟ್ಟೆಯ ವಾಸನೆಯೇ. ಬೇಕರಿಯಲ್ಲಿ ದಿನವಿಡೀ ಮೊಟ್ಟೆ ಒಡೆದು ಕಲಸುವವಳ ಹೊಟ್ಟೆಯಲ್ಲೇ ಮೊಟ್ಟೆ ಆಗದ ಮಗು ಹುಟ್ಟಬೇಕಿತ್ತೇ?

ನಾನು ಮುಟ್ಟಿದಲ್ಲೆಲ್ಲ ಮಗನ ಮೈಮೇಲೆ ಕೆಂಪಗೆ ಏಳುತ್ತಿದ್ದುದನ್ನು ಮೊದಲು ಸೊಳ್ಳೆ ಕಡಿತ ಅಂದುಕೊಂಡಿದ್ದೆವು. ಕೇಕಿನ ಚೂರು ತಿನ್ನಿಸಿದ ದಿನ ತುಟಿ ಊದಿ, ಮೈಯೆಲ್ಲ ದದ್ದೆದ್ದು, ವಾಂತಿಯಾದಾಗಲೇ ಗೊತ್ತಾಗಿದ್ದು. "ತಿನ್ಸೋದಂತೂ ಬೇಡವೇ ಬೇಡ. ನೀವೂ ಕೆಲಸದಿಂದ ಬಂದ್ರೆ ಸ್ನಾನ ಮಾಡಿ, ಬಟ್ಟೆ ಬದಲಾಯ್ಸಿ, ಆಮೇಲೇ ಎತ್ಕೊಳ್ಳಿ" ಅಂದರು ಡಾಕ್ಟರು.

ಕೆಲಸ ಬಿಡು ಅನ್ನುತ್ತಾರೆ ಅತ್ತೆ. ಬಿಟ್ಟರೆ ಮನೆಯ ಒಲೆ ಉರಿಯುವುದು ಹೇಗೆ, ಅವರೇ ಹೇಳಲಿ.

ಇವತ್ತು ಸಂಜೆ ಬಾಗಿಲು ತೆರೆದೆ. ಇಷ್ಟು ದಿನ ಕೂತಲ್ಲೇ ಕೂತಿರುತ್ತಿದ್ದವನು ಅಂಬೆಗಾಲಿಟ್ಟು ನನ್ನ ಕಡೆಗೆ ಹೊರಟ. ಮೊದಲ ಸಲ! ಬಾಯಿತುಂಬ ನಗು, ಗಲ್ಲದ ಮೇಲೆ ಜೊಲ್ಲು. ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಹಿಂದೆ ಸರಿದೆ. "ಅತ್ತೆ, ಹಿಡ್ಕೊಳ್ಳಿ, ಹಿಡ್ಕೊಳ್ಳಿ!" ಎಂದು ಕಿರುಚಿದೆ.

"ನಿನ್ನ ಮಗಾನೇ ಕಣೇ, ಹುಲಿ ಅಲ್ಲ" ಅನ್ನುತ್ತ ಅತ್ತೆ ಎತ್ತಿಕೊಂಡರು. ನನಗೆ ನಗು ಬರಲಿಲ್ಲ.

ತಲೆಗೂ ಸೋಪು ತಿಕ್ಕಿ ಸ್ನಾನ ಮುಗಿಸಿ ಬಂದೆ. ನೆಲದ ಮೇಲೆ ಕೂತು ಕೈ ಚಾಚಿದೆ. "ಬಾರೋ ಪುಟ್ಟಾ, ಈಗ ಬಾ."

ಅವನು ನನ್ನ ಕೈ ನೋಡಿದ, ಮುಖ ನೋಡಿದ. ಆಮೇಲೆ ಥೇಟ್ ನನ್ನ ಹಾಗೆಯೇ ಹಿಂದೆ ಹಿಂದೆ ಸರಿದ.

ಆಟ ಅಂದುಕೊಂಡಿರಬೇಕು. ಅತ್ತೆಯೂ ಹಾಗೇ ಅಂದರು. ಆದರೆ ಅವನು ನಗುತ್ತಿರಲಿಲ್ಲ.