ಕತ್ತೆಕಿವಿ ಟೋಪಿ

ಭಾನುವಾರ, ಮಾರ್ಚ್ ೯

ಲೋ ಕತ್ತರಿ,

ನಾನು ಚೆನ್ನಾಗಿದೀನಿ ಅಂತ ಬರೆಯೋದು ಪದ್ಧತಿ, ಅದಕ್ಕೇ ಬರೆದಿದೀನಿ. ನಿನ್ನ ಕಾಗದ ಬಂದು ಮೂರು ತಿಂಗಳಾಯ್ತು. ಎಷ್ಟು ಬೈಬೇಕೋ ಬೈಕೋ. ಊರವರ ಗಡಿಯಾರವೆಲ್ಲ ರಿಪೇರಿ ಮಾಡೋನಿಗೆ ಟೈಮ್ ಸಿಗಲಿಲ್ಲ ಅಂದ್ರೆ ನೀನು ನಂಬಲ್ಲ, ಹಾಗಾಗಿ ಆ ಸುಳ್ಳು ಹೇಳಲ್ಲ. ಬೇರೆ ಸುಳ್ಳು ಹೇಳಿದೀನಿ, ಅದನ್ನ ಒಪ್ಕೊಳ್ಳೋಕೇ ಕೂತಿರೋದು.

ಬೇಸಿಗೆಗೆ ಬರ್ತೀನಿ, ಪಾರ್ಕಿನ ಗೇಟಿನ ಹತ್ರ ಕುರ್ಚಿ ಹಾಕ್ಕೊಂಡು ಕೂತು ನೀನು ಓಡಿಬರೋದನ್ನ ಕಣ್ತುಂಬಾ ನೋಡ್ತೀನಿ ಅಂತ ಬರೆದಿದೀಯ. ಬಾ. ಕುರ್ಚಿ ಮಾತ್ರ ಎರಡು ಹಾಕು.

ನಾನು ಓಡೋದು ಬಿಟ್ಟು ಹದಿನಾಲ್ಕು ತಿಂಗಳಾಯ್ತು ಕಣೋ. ಹೋದ ವರ್ಷ ಪೂರ್ತಿ ನಿನಗೆ ಬರೆದ ಟೈಮ್‌ಗಳು, ಐದು ಕಿಲೋಮೀಟರಿಗೆ ಮೂವತ್ತೆರಡು ನಿಮಿಷ, ಮೂವತ್ತೊಂದೂವರೆ, ಎಲ್ಲಾ ಅಂಗಡಿ ಸ್ಟೂಲ್ ಮೇಲೆ ಕೂತು ಓಡಿದ್ದು. ಈ ವಯಸ್ಸಲ್ಲಿ ತಿಂಗಳಿಂದ ತಿಂಗಳಿಗೆ ಟೈಮ್ ಇಳೀತಿದೆಯಲ್ಲ, ಒಂದು ಸಲನಾದ್ರೂ ಅನುಮಾನ ಬರಬಾರದಾ? ಜನ್ಮವೆಲ್ಲ ನೀನು ಟೇಪು ಹಿಡಿದು ಅಂಗಿ ಹೊಲಿದೆ, ನನ್ನ ಅಳತೆ ಮಾತ್ರ ನಿನಗೆ ಸಿಗಲಿಲ್ಲ.

ಮೊದಲು ಎಡ ಮಂಡಿ, ಆಮೇಲೆ ಹಿಮ್ಮಡಿ. ಮೂಳೆ ಡಾಕ್ಟರು ಎಕ್ಸ್‌ರೇನ ಬೆಳಕಿಗೆ ಹಿಡಿದು, "ಸವೆದುಹೋಗಿದೆ ಯಜಮಾನರೇ, ಇನ್ನು ಓಟ ಬೇಡ" ಅಂದ್ರು. "ಓಟು ಬೇಡ್ವಾ? ಹಾಗಾದ್ರೆ ಎಲೆಕ್ಷನ್ನಿಗೆ ನಿಲ್ಲಲ್ಲ ಬಿಡಿ" ಅಂದೆ. ಅವರು ನಗಲಿಲ್ಲ. ಪಕ್ಕದಲ್ಲಿದ್ದ ನನ್ನವಳು, "ಕಾಲು ಬಿದ್ದುಹೋದ್ರೂ ನಾಲಿಗೆ ಓಡ್ತಿದೆ" ಅಂದಳು.

ಡಾಕ್ಟರು ಹೇಳಿದ್ದಕ್ಕೆಲ್ಲ ಬಿಡೋ ಜಾತಿನಾ ನಂದು? ಮಂಡಿಗೆ ಪಟ್ಟಿ ಸುತ್ಕೊಂಡು ಹೋದೆ. ನೀನು ಮಗಳ ಮನೆ ಸೇರ್ಕೊಂಡ ಮೇಲೂ ನಮ್ಮ ಓಟದ ಗುಂಪಿನ ಪದ್ಧತಿ ಬದಲಾಗಿರಲಿಲ್ಲ. ಮೊದಲು ಬಂದವರು ಕಬ್ಬಿಣದ ಗೇಟು ಬಡೀಬೇಕು, ಕೊನೇಲಿ ಬಂದವರು ನೀನು ಚೂರುಬಟ್ಟೇಲಿ ಹೊಲಿದ ಕತ್ತೆಕಿವಿ ಟೋಪಿ ಹಾಕ್ಕೊಂಡು ಮನೆ ತನಕ ನಡೀಬೇಕು. ನಮ್ಮ ಗುಂಪಿನ ಅಂಚೆಯವನು ಒಂದು ಸಲ ಅದೇ ಟೋಪೀಲಿ ಬೀದಿ ಪೂರ್ತಿ ಕಾಗದ ಹಂಚಿದ್ನಲ್ಲ, ನೆನಪಿದೆಯಾ?

ಆವತ್ತು ಕೊನೆಯವನು ನಾನು. ಕುಂಟ್ಕೊಂಡು ಗೇಟು ಮುಟ್ಟೋ ಹೊತ್ತಿಗೆ ಅವರೆಲ್ಲ ಬೆವರು ಒರೆಸಿ, ನೀರು ಕುಡಿದು, ಹರಟೆ ಶುರು ಮಾಡಿದ್ರು. ಹಾಕ್ರಪ್ಪಾ ಅಂತ ತಲೆ ಬಗ್ಗಿಸಿ ನಿಂತೆ. ಈಗ ಗುಂಪು ನಡೆಸೋ ಬ್ಯಾಂಕಿನವಳು ಟೋಪೀನ ಬೆನ್ನ ಹಿಂದೆ ಇಟ್ಕೊಂಡು, "ಅಯ್ಯೋ, ನಿಮಗೆ ಬೇಡ ಅಂಕಲ್. ನೀವು ಸುಮ್ನೆ ಬನ್ನಿ ಸಾಕು" ಅಂದಳು. ನನಗಿಂತ ಮುಂಚೆ ಬಂದಿದ್ದ ಡುಮ್ಮ ಮೇಷ್ಟ್ರ ತಲೆಗೆ ಹಾಕಿದ್ರು. ಎಲ್ಲ ನಕ್ಕರು, ಮೇಷ್ಟ್ರೂ ನಕ್ಕರು. ಆಟಕ್ಕುಂಟು ಲೆಕ್ಕಕ್ಕಿಲ್ಲ ಅಂತ ಚಿಕ್ಕ ಮಕ್ಕಳನ್ನ ಸೇರಿಸ್ಕೋತೀವಲ್ಲ, ಹಾಗೆ ಸೇರಿಸ್ಕೊಂಡ್ರು ನನ್ನ.

ಬೈದಿದ್ರೆ ತಡ್ಕೋತಿದ್ದೆ. ಕರುಣೆ ತಡ್ಕೊಳ್ಳೋಕಾಗಲಿಲ್ಲ. "ಕೊಡ್ರೀ, ಅದು ನಂದು" ಅಂತ ಮೇಷ್ಟ್ರ ತಲೆಯಿಂದ ಕಿತ್ಕೊಂಡೆ. ಒಂದು ಕಿವಿ ಹರಿದು ಕೈಗೆ ಬಂತು. ಆಗ ಯಾರೂ ನಗಲಿಲ್ಲ. ಒಂದೇ ಕಿವಿ ಟೋಪಿ ಹಾಕ್ಕೊಂಡು ಮನೆಗೆ ಬಂದೆ, ಮತ್ತೆ ಹೋಗಲಿಲ್ಲ. ಶೂ ಯಾರಿಗಾದ್ರೂ ಕೊಡಿ ಅಂತಾಳೆ ನನ್ನವಳು. ಕೊಡಲ್ಲ. ಹಳೇ ವಾಚಿನ ಬೆಲ್ಟು ತುಂಬಿಟ್ಟಿದೀನಿ ಅದರೊಳಗೆ.

ಅಂಗಡಿ ಬಾಗಿಲು ತೆಗೆಯೋ ಹೊತ್ತಿಗೆ ಗುಂಪಿನವರು ಎದುರಿಗೇ ಓಡ್ತಾರೆ. ಕೈ ಬೀಸ್ತಾರೆ. ನಾನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸ್ಕೊಂಡು ಯಾವುದಾದ್ರೂ ಕೆಟ್ಟ ವಾಚಿನೊಳಗೆ ತಲೆ ಹಾಕ್ತೀನಿ. ನಡೀರಿ, ನಡೆಯೋದು ಒಳ್ಳೇದು ಅಂತ ಕಂಡಕಂಡವರೆಲ್ಲ ಬುದ್ಧಿ ಹೇಳ್ತಾರೆ. ಓಡಿದವನಿಗೆ ನಡಿಗೆ ಅಂದ್ರೆ ಬೇರೆಯವರು ಉಂಡ ತಟ್ಟೆ ತೊಳೆದ ಹಾಗೆ. ನಡೆಯೋದಕ್ಕೆ ಗೋಡೆ ಮೇಲೆ ಗಡಿಯಾರ ಇದೆ, ನಾನ್ಯಾಕೆ?

ಮಗಳಿಗೆ, ಅಳಿಯನಿಗೆ ಆಶೀರ್ವಾದ. ಮೊಮ್ಮಗಳು ಸೈಕಲ್ ಕಲೀತಿದಾಳೆ ಅಂದಿದ್ದೆಯಲ್ಲ, ನೂರು ಸಲ ಬೀಳಲಿ, ನೂರು ವರ್ಷ ಮೂಳೆ ಗಟ್ಟಿ ಇರಲಿ. ನಿನ್ನ ಎದೆಯೊಳಗಿನ ಗಡಿಯಾರ ಕೀ ಕೇಳದೇನೇ ಓಡ್ತಿರಲಿ.

ನಿನ್ನ,
ಮುಳ್ಳು
(ಗಡಿಯಾರದ್ದೋ ಕಾಲಿಗೆ ಚುಚ್ಚೋದೋ ನೀನೇ ಹೇಳು)

ತಾ.ಕ.: ಹರಿದ ಟೋಪಿ ಇದರ ಜೊತೆ ಕಳಿಸಿದೀನಿ. ಹೊಲಿದು ಕೊಡು ಅಂತಲ್ಲ. ನಿನಗೆ ಎದೆನೋವು ಬಂದ ದಿನ, ಕೊನೇ ತಿರುವಿನಲ್ಲಿ ನೀನು "ಲೋ ಮುಳ್ಳು, ಸ್ವಲ್ಪ ನಿಲ್ಲೋ" ಅಂತ ಕೂಗಿದ್ದೆ. ಕೇಳಿಸಲಿಲ್ವೇನೋ ಅಂತ ಆಸ್ಪತ್ರೇಲಿ ನೀನು ಕೇಳಿದೆ. ಗಾಳಿ ಇತ್ತು, ಕೇಳಿಸಲಿಲ್ಲ ಅಂದೆ ನಾನು. ಕೇಳಿಸಿತ್ತು ಕಣೋ. ಎರಡು ಸಲ ಕೇಳಿಸಿತ್ತು. ಆರು ವರ್ಷದಲ್ಲಿ ಮೊದಲನೇ ಸಲ ನಿನಗಿಂತ ಮುಂದಿದ್ದೆ. ಗೇಟು ಬಡಿದೆ. ನೀನು ಎದೆ ಹಿಡ್ಕೊಂಡು ಬಂದು ಕೂತಾಗ, ನಕ್ಕೊಂಡು ನಿನ್ನ ತಲೆಗೆ ಈ ಟೋಪಿ ಹಾಕಿದೆ. ಬರೋದಾದ್ರೆ ಬಾ. ಬರದಿದ್ರೆ ಯಾಕೆ ಅಂತ ಕೇಳಲ್ಲ.